ಮುದ್ದಕ್ಕನ ಮೇಲ್ಹಲ್ಲು

ಹರಿಯಬ್ಬೆಯಲ್ಲಿ ಉಗ್ರಪ್ಪನಷ್ಟು ಪುಕ್ಕಲನನ್ನು ನಾನು ಕಂಡಿಲ್ಲ. ಹೆಸರು ಮಾತ್ರ ಉಗ್ರಪ್ಪ. ಬೆಕ್ಕು ಅಡ್ಡ ಬಂದರೆ ಆ ವಾರದ ಸಂತೆಯನ್ನೇ ಬಿಡುತ್ತಿದ್ದ. ಕುರಿ ವ್ಯಾಪಾರದವನು, ಕಂಡ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವವನು, ಸ್ವಂತ ತಂಗಿಯ ಹಸುಗೂಸಿನ ಬಾಯಿಗೆ ಹೆದರಿದ. ನಾನು ಹೇಳಹೊರಟಿದ್ದು ಆ ಕೂಸಿನ, ಅಂದರೆ ನಮ್ಮ ಎದುರು ಮನೆಯ ಮುದ್ದಕ್ಕನ ವಿಷಯ. ಏನು ಮಾಡುವುದು, ಅವಳ ಮಾತೆತ್ತಿದರೆ ಈ ಮನುಷ್ಯನೂ ಜೊತೆಗೇ ಬರುತ್ತಾನೆ.

ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಅನ್ನುವುದು ನಮ್ಮ ಕಡೆಯ ನಂಬಿಕೆ. ತಂಗಿ ಯಲ್ಲಕ್ಕನ ಮಗಳು ಮುದ್ದಕ್ಕ ಜೊಲ್ಲು ಸುರಿಸಲು ಶುರು ಮಾಡಿದ್ದೇ ತಡ, ಉಗ್ರಪ್ಪ ದಿನಾ ಬಂದು ಒಸಡು ಸವರಿ ನೋಡತೊಡಗಿದ. ಅವನ ಪುಣ್ಯ, ಕೆಳಗಿನವು ಮೊದಲು ಬಂದವು. ಮೇಲೆ ಮುಂದಿನ ನಾಲ್ಕು ಹಲ್ಲು ಮಾತ್ರ ಬರಲೇ ಇಲ್ಲ. ಹಾಲುಹಲ್ಲೂ ಇಲ್ಲ, ಆಮೇಲೆ ಬರಬೇಕಾದವೂ ಇಲ್ಲ. ಊರಿಗೆ ಬಂದ ಕಣಿ ಹೇಳುವವಳು ಉಗ್ರಪ್ಪನ ಕೈ ನೋಡಿ, ಆ ಹಲ್ಲು ಬಂದಿದ್ದರೆ ನೀನಿರುತ್ತಿರಲಿಲ್ಲ, ದೇವರೇ ತಡೆದಿದ್ದಾನೆ ಎಂದಳು. ಅಲ್ಲಿಂದ ಮುಂದೆ ಹುಡುಗಿ ಅವನಿಗೆ ಮನೆದೇವರಾದಳು. “ನನ್ನ ಆಯಸ್ಸು ಇವಳ ಬಾಯಾಗೈತೆ” ಎಂದು ಕಂಡವರಿಗೆಲ್ಲ ಹೇಳಿದ. ತನ್ನ ಮಗ ಎತ್ತಪ್ಪನಿಗೆ ಇವಳೇ ಹೆಂಡತಿ ಎಂದು ಹತ್ತು ಜನರೆದುರು ಮಾತೂ ಕೊಟ್ಟ.

ಮಾವ ಹೀಗೆ ಆಯಸ್ಸು ಅನುಭವಿಸುತ್ತಿದ್ದಾಗ ಹುಡುಗಿ ಬೆಳೆದದ್ದು ಬಾಯಿಗೆ ಸೆರಗು ಒತ್ತಿಕೊಂಡು. ರೊಟ್ಟಿ ಕಚ್ಚಲಾಗದು, ಚೂರು ಮಾಡಿ ದವಡೆಗೆ ತಳ್ಳಿಕೊಳ್ಳಬೇಕು. ಓರಗೆಯವರು ಬೊಚ್ಚಿ ಎಂದು ಕರೆಯುತ್ತಿದ್ದರು. ಯಾರಾದರೂ ನಗಿಸಿದರೆ ಉಣ್ಣೆ ನೂಲುತ್ತಿದ್ದ ಕದಿರನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುವಳು. ಹೇಗೂ ಸೇರುವುದು ಮಾವನ ಮನೆ, ಅಲ್ಲಿ ಯಾರೂ ಹೊಸದಾಗಿ ನೋಡಿ ನಗುವುದಿಲ್ಲ ಎಂಬುದೊಂದೇ ಅವಳ ಧೈರ್ಯ. ಎತ್ತಪ್ಪನ ಮೇಲೆ ಮನಸ್ಸೂ ಇತ್ತು. ಆ ಹಿಟ್ಟಿನ ಮುದ್ದೆಯಲ್ಲಿ ಏನು ಕಂಡಳೋ ನನಗಂತೂ ತಿಳಿಯದು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಯಲ್ಲಕ್ಕ ಮದುವೆಯ ಮಾತೆತ್ತಿದಳು. ಗಂಡ ಸತ್ತವಳು, ಅಣ್ಣನನ್ನೇ ನಂಬಿದ್ದವಳು. ಅಷ್ಟರಲ್ಲಿ ಹೊಸದುರ್ಗದ ಕಡೆಯಿಂದ ಎತ್ತಪ್ಪನಿಗೆ ಇನ್ನೊಂದು ಸಂಬಂಧ ಬಂದಿತ್ತು, ಹೆಣ್ಣಿನ ಜೊತೆಗೆ ಕುರಿಮಂದೆಯೂ ಬರುವಂಥದ್ದು. ಉಗ್ರಪ್ಪನಿಗೆ ಕಣಿಯವಳು ಮರೆತೇ ಹೋದಳು. ಬೊಚ್ಚುಬಾಯಿ ಸೊಸೆಯನ್ನು ತಂದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ, ಹಲ್ಲು ಕಟ್ಟಿಸಿಕೊಂಡು ಬರಲಿ, ಆಮೇಲೆ ನೋಡೋಣ ಎಂದ. ಯಲ್ಲಕ್ಕ ಅವನ ಮುಖ ನೋಡಿ, “ಕುರೀಗೂ ಮೇಲ್ಗಡೆ ಮುಂದಿನ ಹಲ್ಲಿಲ್ಲ ಕಣಣ್ಣ. ಅವನ್ನ ದೊಡ್ಡಿ ತುಂಬ ಸಾಕ್ಕಂಡಿದೀಯಲ್ಲ” ಅಂದಳು. ಅವನು ಬೀಡಿ ಹಚ್ಚಿಕೊಂಡ. ಹಿರಿಯೂರು ದಾಟಿ ಗೊತ್ತಿಲ್ಲದ ಹೆಂಗಸರು, ಇವರೆಲ್ಲಿ ಹಲ್ಲು ಕಟ್ಟಿಸುತ್ತಾರೆ ಎಂದುಕೊಂಡಿರಬೇಕು.

ಯಲ್ಲಕ್ಕ ಎರಡು ಟಗರು ಮಾರಿ ಮಗಳನ್ನು ದುರ್ಗಕ್ಕೆ ಕರೆದುಕೊಂಡು ಹೋದಳು. ಹಲ್ಲಿನ ಡಾಕ್ಟರು ಎಕ್ಸರೇ ತೆಗೆದು, ಒಸಡಿನೊಳಗೆ ಹಲ್ಲಿನ ಮೊಳಕೆಯೇ ಇಲ್ಲ, ಹುಟ್ಟಿನಿಂದಲೇ ಹೀಗೆ, ಎಷ್ಟೋ ಜನಕ್ಕೆ ಇರುತ್ತದೆ, ದೇವರೂ ಇಲ್ಲ ದೆವ್ವವೂ ಇಲ್ಲ ಎಂದರಂತೆ. ಅಚ್ಚು ತೆಗೆದುಕೊಂಡು ಮತ್ತೆ ಬರಲು ಹೇಳಿದರು. ಎರಡನೇ ಸಲ ಹೋದಾಗ ನಾಲ್ಕು ಹಲ್ಲು ಕೂರಿಸಿದ ಪಟ್ಟಿಯನ್ನು ಬಾಯಿಗಿಟ್ಟರು. ವಾಪಸು ಬರುವಾಗ ಹಿರಿಯೂರಿನ ಹೋಟೆಲಿನ ಕನ್ನಡಿಯಲ್ಲಿ ಮುದ್ದಕ್ಕ ತನ್ನ ನಗುವನ್ನು ಮೊದಲ ಸಲ ನೋಡಿಕೊಂಡಳು. ಟೀ ಆರುವವರೆಗೂ ನೋಡಿಕೊಂಡಳೆಂದು ಯಲ್ಲಕ್ಕನೇ ಹೇಳಿದ್ದು.

ಅದೇ ವಾರ ಉಗ್ರಪ್ಪ ಹೆಂಡ ಏರಿಸಿಕೊಂಡು ಬಂದು, ಹುಟ್ಟಿದಾಗಿನಿಂದ ದಾಟಿದ ಚರಂಡಿಗೇ ಬಿದ್ದು ಕಾಲು ಮುರಿದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೇವರು ತಡೆದ ಹಲ್ಲನ್ನು ಇವರು ಕಟ್ಟಿಸಿ ತಂದರು, ನನ್ನ ಜೀವಕ್ಕೆ ಬಂದಿತ್ತು, ಕಾಲಿಗೆ ಹೋಯಿತು ಎಂದು ಮನೆ ಹಾರಿಹೋಗುವಂತೆ ಗೋಳಾಡಿದ. ಕಟ್ಟಿಸಿಕೊಂಡು ಬಾ ಎಂದ ಬಾಯಲ್ಲೇ, ಅದನ್ನು ಬಾವಿಗೆ ಎಸೆದರೆ ಈ ತಿಂಗಳೇ ಮದುವೆ ಎಂದು ಹೇಳಿಕಳಿಸಿದ. ಹೊಸದುರ್ಗದ ಮಂದೆಗಿಂತ ಅವನಿಗೆ ಜೀವ ದೊಡ್ಡದು. ಹೇಳಲು ಬಂದವನು ಮದುಮಗ. ಎತ್ತಪ್ಪ ಅಂಗಳದಲ್ಲಿ ನಿಂತು, ದನಿ ತಗ್ಗಿಸಿ, “ಅಪ್ಪ ಇರೋಗಂಟ ತೆಗೆದಿಟ್ಕ. ಆಮ್ಯಾಲೆ ಹಾಕ್ಕಳ್ಳೀವಂತೆ” ಎಂದ. ಬುದ್ಧಿವಂತಿಕೆಯ ಮಾತು ಆಡಿದೆನೆಂದು ಅವನಿಗೆ ಹೆಮ್ಮೆ ಬೇರೆ. ಥೂ!

ಮುದ್ದಕ್ಕ ಎರಡು ದಿನ ಹಲ್ಲು ಹಾಕಿಕೊಂಡೇ ಉಣ್ಣೆ ನೂಲಿದಳು. ಮೂರನೇ ದಿನ ಉಗ್ರಪ್ಪ ಮಗನ ಹೆಗಲು ಹಿಡಿದು ಕುಂಟುತ್ತ ಬಂದು ಯಲ್ಲಕ್ಕನ ಜಗಲಿಯ ಮೇಲೆ ಕೂತ. ಜೊತೆಗೆ ಊರ ಹಿರಿಯ ಕೆಂಚಣ್ಣ. ಹಲ್ಲು ಹೋದರೆ ಹೋಗಲಿ ಮಗಳೇ, ಬಾಳು ಮುಖ್ಯ ಎಂದು ಕೆಂಚಣ್ಣ ಬುದ್ಧಿ ಹೇಳಿದ. ಯಲ್ಲಕ್ಕನೂ ಅಳುತ್ತ ಮಗಳ ಕಡೆ ಕೈಚಾಚಿದಳು, ತೆಗೆದು ಕೊಡು ಎಂಬಂತೆ. ಮುದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು.

“ಇಷ್ಟು ವರ್ಷ ನಿನ್ನ ಜೀವ ನನ್ನ ಬಾಯಾಗಿಟ್ಕಂಡು ಕಾದೀನಿ ಮಾವ” ಎಂದಳು. “ಇನ್ನ ನಿಂದು ನೀನು ನೋಡ್ಕ. ನಿನ್ನ ಮಗನ್ನೂ ಕರ್ಕಂಡು ಹೋಗು.”

ಉಗ್ರಪ್ಪ ಸಾಯಲಿಲ್ಲ. ಕಾಲು ಕೂಡಿತು, ವ್ಯಾಪಾರ ನಡೆಯಿತು, ಹೊಸದುರ್ಗದ ಹೆಣ್ಣು ಮಂದೆಯ ಸಮೇತ ಬಂತು. ಮಾವನ ಕಾಲು ಮುರಿದ ಹಲ್ಲಿನವಳು ಎಂಬ ಹೆಸರು ಹೊತ್ತ ಮುದ್ದಕ್ಕನನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ. ಅವಳು ನೀರಿಗೆ ಹೋಗುವ ದಾರಿ ಉಗ್ರಪ್ಪನ ಮನೆ ಮುಂದೆಯೇ. ಅವಳನ್ನು ಕಂಡೊಡನೆ ಅವನು ಜಗಲಿಯಿಂದೆದ್ದು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾನೆ. ಅವಳು ಬೇಕೆಂದೇ ಕೊಡ ಇಳಿಸಿ ನಿಂತು, ಕದದಾಚೆಗೆ ಕೇಳುವಷ್ಟು ಜೋರಾಗಿ ನಗುತ್ತಾಳೆ.