ಸುಣ್ಣದ ಗೆರೆ ದಾಟದ ದೇವೀಂದ್ರಪ್ಪ

ಇನ್ನೂ ಕಟ್ಟದ ಗೋಡೆಯನ್ನು ದೇವೀಂದ್ರಪ್ಪನವರು ಯಾವತ್ತೂ ದಾಟಿದವರಲ್ಲ. ಬಯಲು ನೆಲ, ಅದರ ಮೇಲೆ ಸುಣ್ಣದ ಪುಡಿಯಿಂದ ಎಳೆದ ಬಿಳಿ ಗೆರೆಗಳು, ಅಲ್ಲಿ ಇರುತ್ತಿದ್ದದ್ದು ಅಷ್ಟೇ. ಆದರೂ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗಬೇಕಾದರೆ ಅವರು ಸುತ್ತು ಹಾಕಿ, ಗೆರೆ ಬಿಟ್ಟ ಜಾಗಕ್ಕೆ ಬಂದು, ಅಲ್ಲಿಂದ ಒಳಗೆ ಹೋಗುತ್ತಿದ್ದರು. ಆ ಜಾಗ ಬಾಗಿಲು. ಬಾಗಿಲ ಮುಂದೆ ಚಪ್ಪಲಿ ಬಿಡುವುದೊಂದು ಬಾಕಿ. ನೋಡಿದವರು ನಗುತ್ತಿದ್ದರು, ನಾನೂ ನಕ್ಕವಳೇ.

ಅವರನ್ನು ಮೊದಲು ಕಂಡಾಗ ನಾನು ಹೈದರಾಬಾದಿನಲ್ಲಿ ಆರ್ಕಿಟೆಕ್ಚರ್ ಎರಡನೇ ವರ್ಷದಲ್ಲಿದ್ದೆ. ಕಾಲೇಜಿನ ಹಿಂಭಾಗದಲ್ಲಿ ಹೊಸ ವರ್ಕ್‌ಶಾಪ್ ಕಟ್ಟಲು ನೆಲ ಗುರುತು ಮಾಡುತ್ತಿದ್ದರು. ನಾನು ಎಂದಿನಂತೆ ತಡವಾಗಿ, ಕಂಕುಳಲ್ಲಿ ಡ್ರಾಯಿಂಗ್ ಸುರುಳಿ ಅವುಚಿಕೊಂಡು, ಆ ಗೆರೆಗಳ ಮೇಲೆಯೇ ಓಡುತ್ತಿದ್ದೆ.

"ಏ ತಂಗೆವ್ವಾ, ಅಲ್ಲಿ ಗ್ವಾಡಿ ಐತಿ. ಬಾಗಲದಿಂದ ಬಾ."

ನಿಂತೇಬಿಟ್ಟೆ. ಬೈಗುಳಕ್ಕಲ್ಲ, ಕನ್ನಡಕ್ಕೆ. ನಾರಾಯಣಗೂಡದ ನಮ್ಮ ಮನೆಯಲ್ಲಿ ಕನ್ನಡವೆಂದರೆ ಮನೆಯೊಳಗೆ ಉಡುವ ಹಳೆಯ ಸೀರೆಯ ಹಾಗೆ. ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೆ ಹಿಂದಿ. ಅಜ್ಜನ ಕಾಲದಿಂದ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ನಮ್ಮವರಿಗೆ ಅದೇ ರೂಢಿ. ಈ ಮನುಷ್ಯನಿಗೆ ಆ ಭೇದವೇ ಇದ್ದಂತಿರಲಿಲ್ಲ. ಎದುರಿನವರಿಗೆ ತಿಳಿಯಲಿ ಬಿಡಲಿ, ಗದರುವುದು ಮಾತ್ರ ಕನ್ನಡದಲ್ಲೇ. ನಾನು ತೆಪ್ಪಗೆ ಹಿಂದಿರುಗಿ, ಸುತ್ತಿಕೊಂಡು, ಬಾಗಿಲಿನಿಂದ ಹೊರಗೆ ಹೋದೆ. ಆವತ್ತು ಕ್ಲಾಸಿಗೆ ಇನ್ನೂ ಹತ್ತು ನಿಮಿಷ ತಡವಾಯಿತು.

ದೇವೀಂದ್ರಪ್ಪನವರು ಶಹಾಪುರದ ಕಡೆಯವರು, ಪಾಯ ತೋಡುವ ಮೊದಲು ದಾರ ಹಿಡಿದು ನೆಲಕ್ಕೆ ಗೆರೆ ಹಾಕುವುದು ಅವರ ಕೆಲಸ. ಎತ್ತರದ ಒಣಕಲು ಆಳು, ತಲೆಗೆ ಬಿಳಿ ಟೋಪಿ, ಜೇಬಿನಲ್ಲಿ ಸದಾ ದಾರದ ಉಂಡೆ. ಬಲಗೈಯ ಎರಡು ಬೆರಳಿಗೆ ಸುಣ್ಣ ಮೆತ್ತಿರುತ್ತಿದ್ದರಿಂದ ಅವರು ಚಹಾ ಕುಡಿದ ಗ್ಲಾಸು ಯಾವುದೆಂದು ಯಾರೂ ಕೇಳಬೇಕಿರಲಿಲ್ಲ. ದಾರದ ಇನ್ನೊಂದು ತುದಿ ಹಿಡಿಯುವವರು ಅವರ ಹೆಂಡತಿ ಭೀಮಬಾಯಿ. ಬೇರೆ ಯಾರಾದರೂ ಹಿಡಿಯಲು ಬಂದರೆ ದೇವೀಂದ್ರಪ್ಪನವರು ಕೊಡುತ್ತಿರಲಿಲ್ಲ. "ಅಕಿ ಕೈಯಾಗ ದಾರ ಅಲಗಾಡಂಗಿಲ್ರಿ" ಎನ್ನುತ್ತಿದ್ದರು. ಭೀಮಬಾಯಿ ಅದಕ್ಕೆ, "ಅಲಗಾಡಿದ್ರ ಮನಿಗೆ ಹೋಗೂತನಾ ಬೈತಾರಲ್ರಿ, ಹೆಂಗ ಅಲಗಾಡ್ತೈತಿ" ಎಂದು ಮುಖ ತಿರುಗಿಸುತ್ತಿದ್ದರು.

ಆ ವರ್ಷ ನಮಗೆ ಕೊಟ್ಟಿದ್ದ ಡಿಸೈನು ಹಳ್ಳಿಯೊಂದರ ಆಸ್ಪತ್ರೆ. ನಾನು ಚೆಂದದ ಡ್ರಾಯಿಂಗ್ ಮಾಡಿದ್ದೆ, ಮರಗಳಿಗೆ ನೆರಳು ಸಹಿತ. ನಮ್ಮ ಪ್ರೊಫೆಸರರು ಅದನ್ನು ಎರಡು ನಿಮಿಷ ನೋಡಿ, "ಚಿತ್ರ ಚೆನ್ನಾಗಿದೆ. ಇದರೊಳಗೆ ಮನುಷ್ಯರು ಯಾರೂ ಇಲ್ಲವಲ್ಲ" ಎಂದು ಪಕ್ಕಕ್ಕಿಟ್ಟರು. ಎರಡು ವಾರದಲ್ಲಿ ತಿದ್ದಿ ತರದಿದ್ದರೆ ವರ್ಷವೇ ಹೋಗುತ್ತಿತ್ತು. ಏನನ್ನು ತಿದ್ದಬೇಕೆಂದೇ ನನಗೆ ಗೊತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ವರ್ಕ್‌ಶಾಪಿನ ಹತ್ತಿರ ಕುಳಿತು ಅಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದಾಗ ದೇವೀಂದ್ರಪ್ಪನವರು ಬಂದು ಆ ಹಾಳೆ ಬಿಡಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಗೆರೆ ಬರುತ್ತಿತ್ತು.

"ಎರಡ ಖೋಲಿ ಹಾಕಿ ನೋಡೋಣೇನು?" ಎಂದರು.

ಹಿತ್ತಿಲ ಬಯಲಿನಲ್ಲಿ ಉಳಿದ ಸುಣ್ಣದಿಂದಲೇ ನನ್ನ ಆಸ್ಪತ್ರೆಯ ಎರಡು ಕೋಣೆ ಎದ್ದವು. ಎದ್ದವು ಎಂದೇ ಹೇಳಬೇಕು, ಯಾಕೆಂದರೆ ಅದರೊಳಗೆ ನಿಂತಾಗ ನನಗೆ ನನ್ನದೇ ಗೋಡೆಗಳು ಇಕ್ಕಟ್ಟು ಎನ್ನಿಸಿತು. ದೇವೀಂದ್ರಪ್ಪನವರು ಹೆಂಡತಿಗೆ, "ನೀ ಪೇಶಂಟ್ ಆಗು" ಎಂದರು. ಭೀಮಬಾಯಿ ಬಾಗಿಲಿನಿಂದ ಬಂದು, ಡಾಕ್ಟರು ಪರೀಕ್ಷಿಸುವ ಮೇಜೆಂದು ಇಟ್ಟಿದ್ದ ಕಲ್ಲಿನ ಮೇಲೆ ಕುಳಿತು, ಸುತ್ತ ಒಮ್ಮೆ ನೋಡಿ, ತಟ್ಟನೆ ಎದ್ದುಬಿಟ್ಟರು.

"ಹೊರಗ ಕುಂತ ಗಂಡಸ್ರೆಲ್ಲಾ ಕಾಣಾಕತ್ತಾರಲ್ರಿ. ನಾ ಇಲ್ಲಿ ಸೀರಿ ಸಡಲಿಸಂಗಿಲ್ಲ. ಜಡ್ಡು ಇದ್ರ ಇರಲಿ, ಮನಿಗೆ ಹೋಗ್ತೀನಿ."

ಅಷ್ಟೇ ಆಗಿತ್ತು ತಪ್ಪು. ಬಾಗಿಲನ್ನು ಗೋಡೆಯ ಇನ್ನೊಂದು ಕೊನೆಗೆ ಸರಿಸಿದೆ, ಕಾಯುವ ಜನರ ಬೆಂಚನ್ನು ತಿರುಗಿಸಿದೆ. ಅಲ್ಲಿಂದ ಒಂದೊಂದೇ ಬದಲಾಗುತ್ತ ಇಡೀ ಆಸ್ಪತ್ರೆ ಬದಲಾಯಿತು. ಹೊಸ ಹಾಳೆ ನೋಡಿದ ಪ್ರೊಫೆಸರರು, "ಇದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಪೇಶಂಟ್ ಒಬ್ಬರು ಹೇಳಿದರು ಎಂದೆ. ಆಮೇಲೆ ಓದು ಮುಗಿಯುವವರೆಗೂ ನನ್ನ ಪ್ರತಿ ಡಿಸೈನನ್ನೂ ಅವರಿಬ್ಬರು ಎಲ್ಲಿ ಕೆಲಸ ಮಾಡುತ್ತಿದ್ದರೋ ಅಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಮೆಹದಿಪಟ್ಟಣಂ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು. ಮನೆಯಲ್ಲಿ ಅಮ್ಮನ ಲೆಕ್ಕಕ್ಕೆ ನಾನು ಲೈಬ್ರರಿಗೆ ಹೋಗಿರುತ್ತಿದ್ದೆ.

ಓದು ಮುಗಿಯುವ ಹೊತ್ತಿಗೆ ಊರಿನ ಗುರುತೇ ಹತ್ತದಂತಾಗಿತ್ತು. ಬಂಡೆಗಳಿದ್ದಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಐಟಿ ಕಂಪನಿಗಳಿಗೆ ಎಲ್ಲವೂ ನಿನ್ನೆಯೇ ಬೇಕಾಗಿತ್ತು. ನಮಗೆಲ್ಲ ಫಲಿತಾಂಶ ಬರುವ ಮೊದಲೇ ಕೆಲಸ ಸಿಕ್ಕಿತು. ನಾನು ಸೇರಿದ ಆಫೀಸಿನ ಯಜಮಾನರು ರಾವ್ ಸರ್, ಮಾತು ಕಡಿಮೆ, ಕಣ್ಣು ಜಾಸ್ತಿ. ನಾನು ಸೇರಿದ ವಾರವೇ ಮೆಟ್ಟಿಲಿನ ಅಳತೆ ತಪ್ಪಿಸಿದ ಒಬ್ಬನನ್ನು ಮನೆಗೆ ಕಳಿಸಿದ್ದರು. ಆ ಖಾಲಿ ಕುರ್ಚಿ ನನ್ನ ಪಕ್ಕದಲ್ಲೇ ಇತ್ತು.

ಸಮಾಧಾನವೆಂದರೆ ಆ ಆಫೀಸಿನ ಸೈಟುಗಳಲ್ಲಿ ಸುಣ್ಣದ ಗೆರೆಯ ಮಾರ್ಕಿಂಗ್ ಮಾಡುತ್ತಿದ್ದವರು ದೇವೀಂದ್ರಪ್ಪನವರೇ. ನನ್ನನ್ನು ಅಲ್ಲಿ ಕಂಡ ದಿನ ಬಾಯಿ ತುಂಬ ನಕ್ಕರು. ತಂಗೆವ್ವ ಹೋಗಿ 'ಇಂಜಿನಿಯರ್ ಅಕ್ಕಾರು' ಆದೆ. ನಾನು ಇಂಜಿನಿಯರಲ್ಲ, ಆರ್ಕಿಟೆಕ್ಟ್ ಎಂದು ತಿದ್ದಿದೆ.

"ಏನ್ ಫರಕ್ರಿ ಎರಡಕ್ಕ?" ಎಂದವರು ತಾವೇ ಉತ್ತರವನ್ನೂ ಕೊಟ್ಟರು. "ಇಂಜಿನಿಯರ್ ಒಮ್ಮೆ ಕೆಡವು ಅಂತಾರ. ನೀವು ಎರಡ ಸಲ ಅಂತೀರಿ."

ನನಗೆ ಮೊದಲ ಸ್ವತಂತ್ರ ಕೆಲಸವೆಂದು ಸಿಕ್ಕಿದ್ದು ಒಂದು ದೊಡ್ಡ ಕಂಪನಿಯ ಆವರಣದಲ್ಲಿ ನೌಕರರ ಮಕ್ಕಳಿಗಾಗಿ ಒಂದು ಶಿಶುವಿಹಾರ. ಐದು ಕೋಣೆ, ಹೆಂಚಿನ ಮಾಡು, ತೊಟ್ಟಿಲುಗಳ ಎರಡು ಸಾಲು. ಗಾಜಿನ ದೊಡ್ಡ ಕಟ್ಟಡದ ಕೆಲಸ ನಮ್ಮ ಆಫೀಸಿನ ಹಿರಿಯರದ್ದು, ಮೂಲೆಯ ಈ ಕೂಸು ನನ್ನದು. ಮಾರ್ಕಿಂಗ್ ದಿನ ನಾನು ಹೊಸ ಮೊಬೈಲು ಕಿವಿಗೆ ಹಚ್ಚಿಕೊಂಡು ದೊಡ್ಡ ಕಟ್ಟಡದ ಯಾವುದೋ ಗಾಜಿನ ಲೆಕ್ಕ ಹೇಳುತ್ತ ನಿಂತಿದ್ದೆ. ಪಕ್ಕದಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು. ದೇವೀಂದ್ರಪ್ಪನವರು ಡ್ರಾಯಿಂಗ್ ಹಿಡಿದುಕೊಂಡು ಬಂದರು.

"ಅಕ್ಕಾರ, ಈ ಅಳತಿ ಗ್ವಾಡಿ ಒಳಮೈಯಿಂದೋ, ನಡು ಗೆರಿಯಿಂದೋ? ತಿಳಿಯವಲ್ದು."

ಅಳತೆಯ ಬಾಣ ಎಲ್ಲಿ ಮುಟ್ಟಿದೆ ಎಂದು ಕಾಣದ ಹಾಗೆ ನಾನೇ ಗೀಚಿದ್ದೆ. ಒಂದು ಸಲ ಹಾಳೆಯತ್ತ ನೋಡಿದ್ದರೆ ಸಾಕಿತ್ತು. ಅಧಿಕಾರಿಗಳ ಮುಂದೆ ನನ್ನ ಡ್ರಾಯಿಂಗ್ ತಿಳಿಯುವುದಿಲ್ಲ ಎಂದರಲ್ಲ ಎಂದು ಸಿಟ್ಟು ಬಂತು. "ನಡು ಗೆರೆಯಿಂದಲೇ, ಇನ್ನೆಲ್ಲಿಂದ? ಹಾಕು ದೇವೀಂದ್ರಪ್ಪ" ಎಂದೆ. ಹಾಕು ಎಂದೆ. ಅವರಿಗೆ ನಾನು ಏಕವಚನ ಆಡಿದ್ದು ಅದೇ ಮೊದಲು.

ಗೆರೆ ಎಳೆದಾದ ಮೇಲೆ ಮತ್ತೆ ಕರೆದರು. "ಒಮ್ಮೆ ಒಳಗ ಬಂದು ಅಡ್ಡಾಡ್ರಲಾ." ನನಗೆ ಪುರುಸೊತ್ತಿಲ್ಲ ಎಂದು ಕಾರು ಹತ್ತಿದೆ. ದಾರದ ತುದಿ ಹಿಡಿದು ನಿಂತಿದ್ದ ಭೀಮಬಾಯಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು.

ನಾನು ಬರೆದದ್ದು ಒಳಮೈಯ ಅಳತೆ. ಹೇಳಿದ್ದು ನಡು ಗೆರೆಯದು. ಎರಡೂ ಬದಿಯ ಗೋಡೆಗಳ ಅರ್ಧರ್ಧ ಒಳಗೆ ಬಂದು, ಒಂದು ಗೋಡೆಯ ದಪ್ಪದಷ್ಟು, ಅಂದರೆ ಒಂಬತ್ತು ಅಂಗುಲ, ಪ್ರತಿ ಕೋಣೆಯಲ್ಲೂ ಕಡಿಮೆಯಾಯಿತು. ಪಾಯ ತೋಡಿ, ಕಾಂಕ್ರೀಟ್ ಹಾಕಿ, ಕಲ್ಲಿನ ಎರಡು ವರಸೆ ಏರಿದ ಮೇಲೆ ರಾವ್ ಸರ್ ಬಂದು ಟೇಪು ಹಿಡಿದರು. ತೊಟ್ಟಿಲುಗಳ ನಡುವೆ ಆಯಾ ಓಡಾಡಲು ಜಾಗವೇ ಉಳಿಯುತ್ತಿರಲಿಲ್ಲ. ಕಂಪನಿಯ ಮ್ಯಾನೇಜರು ಎಲ್ಲರೆದುರು ಕೂಗಾಡಿದರು. ರಾವ್ ಸರ್ ಡ್ರಾಯಿಂಗ್ ಬಿಡಿಸಿ ನೋಡಿ ದೇವೀಂದ್ರಪ್ಪನವರತ್ತ ತಿರುಗಿದರು. ಇಲ್ಲಿ ಅಳತೆ ಸ್ಪಷ್ಟವಿಲ್ಲ ನಿಜ, ಇಷ್ಟು ವರ್ಷದ ಅನುಭವಸ್ಥ ನೀನು, ಅನುಮಾನ ಬಂದರೆ ಕೇಳಬೇಕಿತ್ತಲ್ಲ ಎಂದರು.

ನನ್ನ ಕಣ್ಣ ಮುಂದೆ ಆ ಖಾಲಿ ಕುರ್ಚಿ ಬಂತು.

ದೇವೀಂದ್ರಪ್ಪನವರು ನನ್ನ ಕಡೆ ನೋಡಲೇ ಇಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಪೂಛಾ ನೈ ಸಾಬ್. ಗಲತಿ ಮೇರೀಚ್ ಹೈ" ಎಂದರು. ಕೇಳಲಿಲ್ಲ ಸಾಹೇಬರೇ, ತಪ್ಪು ನನ್ನದೇ.

ಭೀಮಬಾಯಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಇದನ್ನು ಬರೆಯುವಾಗಲೂ ನನಗೆ ಆ ನೆಲವೇ ಕಾಣುತ್ತಿದೆ, ಕೆಂಪು ಮೊರಂ ಮಣ್ಣು, ಅದರ ಮೇಲೆ ಅರ್ಧ ಅಳಿಸಿದ ಸುಣ್ಣ.

ಅವರನ್ನು ನಮ್ಮ ಸೈಟುಗಳಿಂದ ತೆಗೆದರು. ಗಾರೆ ಕೆಲಸದ ಗೌಂಡಿಗಳ ಲೋಕದಲ್ಲಿ ಮಾತು ಬೇಗ ಹರಡುತ್ತದೆ. ದೇವೀಂದ್ರಪ್ಪನ ಗೆರೆ ತಪ್ಪಿತಂತೆ ಎಂದರೆ ಸಾಕು, ಬೇರೆ ಕಡೆಯೂ ದಾರ ಯಾರು ಕೊಡುತ್ತಾರೆ? ಇದು ನನಗೆ ತಿಳಿದಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ಎಷ್ಟೆಲ್ಲ ಕಾರಣ ಹುಡುಕಿದೆ ಎಂದರೆ ಅಷ್ಟು ಶ್ರದ್ಧೆಯಿಂದ ಯಾವ ಡಿಸೈನನ್ನೂ ಮಾಡಿರಲಿಲ್ಲ.

ಕೆಡವಿ ಮತ್ತೆ ಕಟ್ಟಿದ ಶಿಶುವಿಹಾರ ಯುಗಾದಿಯ ಹೊತ್ತಿಗೆ ಮುಗಿಯಿತು. ಮಕ್ಕಳು ಬಂದರು. ಕಂಪನಿಯವರು ನಮ್ಮ ಆಫೀಸಿಗೆ ಸಿಹಿ ಕಳಿಸಿದರು. ರಾವ್ ಸರ್ ಎಲ್ಲರನ್ನೂ ಕರೆದು, ನನ್ನ ಹೆಸರು ಹೇಳಿ, ಈ ಹುಡುಗಿಗೆ ಅಳತೆಯ ಕಣ್ಣಿದೆ ಎಂದರು. ಕೈಯಲ್ಲಿದ್ದ ಲಡ್ಡು ಬಾಯಿಗೆ ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಅವರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

ರಾವ್ ಸರ್, "ಕೇಳದೆ ಗೆರೆ ಹಾಕುವ ಮನುಷ್ಯನಲ್ಲ ಆತ. ನನಗೂ ಅನ್ನಿಸಿತ್ತು. ಆತನೇ ಒಪ್ಪಿಕೊಂಡ ಮೇಲೆ ನಾನೂ ಅಷ್ಟಕ್ಕೇ ಬಿಟ್ಟೆ" ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ಹೋಗಿ ಕರೆದುಕೊಂಡು ಬಾ" ಎಂದರು, ಅಷ್ಟೇ. ಐದು ತಿಂಗಳು ನಾನು ಹೆದರಿದ್ದು ಈ ಎರಡು ಮಾತಿಗೆ.

ವಿಚಾರಿಸಿಕೊಂಡು ಮರುದಿನವೇ ಉಪ್ಪಲ್‌ಗೆ ಹೋದೆ. ಅಲ್ಲೊಂದು ಹೊಸ ಆಫೀಸು ಕಟ್ಟಡ ಏಳುತ್ತಿತ್ತು. ದೇವೀಂದ್ರಪ್ಪನವರು ಬೇರೆ ಯಾರೋ ಹಾಕಿದ ಗೆರೆಯ ಮೇಲೆ ಇಟ್ಟಿಗೆ ಕಟ್ಟುತ್ತ ಕುಳಿತಿದ್ದರು. ಬೆರಳಿಗೆ ಸುಣ್ಣವಿರಲಿಲ್ಲ, ಸಿಮೆಂಟಿತ್ತು. ನನ್ನನ್ನು ಕಂಡು, "ಬರ್ರಿ ಅಕ್ಕಾರ, ಬಿಸಲಾಗ ಯಾಕ ಬಂದ್ರಿ?" ಎಂದು ಏನೂ ಆಗದವರಂತೆ ಎದ್ದರು. ನಾನು ಮೊದಲು ಅವರ ಹತ್ತಿರ ಹೋಗಲಿಲ್ಲ. ಅಲ್ಲಿನ ಮೇಸ್ತ್ರಿಯನ್ನು ಕರೆದು, ಸುತ್ತ ಇದ್ದ ಹತ್ತು ಹದಿನೈದು ಜನಕ್ಕೆ ಕೇಳುವಂತೆ ತೆಲುಗಿನಲ್ಲಿ ಹೇಳಿದೆ. ಆ ಶಿಶುವಿಹಾರದ ತಪ್ಪು ನನ್ನದು, ಇವರು ನನ್ನನ್ನು ಕೇಳಿದ್ದರು, ನೋಡದೆ ತಪ್ಪು ಹೇಳಿದವಳು ನಾನು, ಆಮೇಲೆ ಸುಮ್ಮನಿದ್ದವಳೂ ನಾನೇ. ಏನನ್ನೂ ಬಿಡದೆ ಪೂರ್ತಿ ಹೇಳಿದೆ.

ದೇವೀಂದ್ರಪ್ಪನವರಿಗೆ ಸಂಕೋಚದಿಂದ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. "ಇಷ್ಟ ಮಂದಿ ಮುಂದ ಯಾಕ ಬೇಕಿತ್ರಿ? ನೀವು ಇನ್ನೂ ಕಲಿಯಾಕತ್ತಿದ್ರಿ. ನನಗ ಒಂದ ಸೈಟ್ ಹೋತು, ನಿಮಗ ನೌಕರಿನ ಹೋಗತಿತ್ತು" ಎಂದರು. ನಮ್ಮ ಆಫೀಸಿಗೆ ವಾಪಸು ಬನ್ನಿ ಎಂದು ಕೈ ಮುಗಿದೆ. ತಲೆಯಾಡಿಸಿದರು. ಅವರ ಗುಂಪು ಬರುವ ವಾರ ಪುಣೆಗೆ ಹೊರಟಿತ್ತು. ಹೋಗುತ್ತೇನೆಂದು ಮೇಸ್ತ್ರಿಗೆ ಮಾತು ಕೊಟ್ಟಾಗಿತ್ತು. "ಒಂದ ಮಾತು ಅಂದ್ಮ್ಯಾಲ ಆತಲ್ರಿ. ಅಲ್ಲೂ ಕಟ್ತಾರ ಭಾಳ." ನನಗಾಗಿ ಚಹಾ ತರಲು ಎದುರಿನ ಅಂಗಡಿಗೆ ಹೋದರು. ಅವರೊಂದಿಗೆ ಕುಡಿದ ಕೊನೆಯ ಚಹಾ ಅದು. ಪುಣೆಯಿಂದ ಅವರು ಮುಂದೆ ಎಲ್ಲಿಗೆ ಹೋದರೋ, ಆಮೇಲೆ ನಾನು ಎಷ್ಟು ಜನರನ್ನು ಕೇಳಿದರೂ ತಿಳಿಯಲಿಲ್ಲ.

ಅವರು ಅಂಗಡಿಯ ಹತ್ತಿರ ನಿಂತಿದ್ದಾಗ ಭೀಮಬಾಯಿ ತಲೆಯ ಮೇಲಿನ ಬುಟ್ಟಿ ಇಳಿಸಿ ನನ್ನ ಪಕ್ಕ ಬಂದರು. ಅವರ ಮುಂದೆಯೂ ಒಪ್ಪಿಕೊಳ್ಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಅವತ್ತ ದಾರ ಹಿಡದು ನಾ ಅಲ್ಲೇ ಇದ್ದೆನಲ್ರಿ" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನಿದ್ದ ಕಡೆ ನೋಡುತ್ತ, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದರು.

"ಆ ಹುಡುಗಿ ಬಂದು ಹೇಳ್ತಾಳ ಅಂತ ಇವರು ದಿನಾ ಅಂತಿದ್ರು. ಇಷ್ಟು ತಡಾ ಮಾಡ್ತಾಳ ಅಂತ ಮಾತ್ರ ಅಂದಿದ್ದಿಲ್ರಿ."