ನೀರು ಕೇಳಿದವಳು

ಹೋದ ತಿಂಗಳು ಅರಿಶಿನಕುಂಟೆಯ ನಮ್ಮ ಮನೆಯ ಸಂಪು ತೊಳೆಯಲು ಇಬ್ಬರು ಬಂದಿದ್ದರು. ಕೆಲಸ ಮುಗಿದ ಮೇಲೆ ಒಳಗೆ ಬ್ಲೀಚಿಂಗ್ ಪುಡಿ ಉದುರಿಸಿ ಮುಚ್ಚಳ ಎಳೆದು ಹೋದರು. ಅದರ ಘಾಟು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿತು. ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಕೈ ತಾನಾಗಿ ನಿಂತಿತು. ಕಣ್ಣು ಉರಿದದ್ದು ಪುಡಿಯ ಘಾಟಿಗೋ ಬೇರೆ ಯಾವುದಕ್ಕೋ ಗೊತ್ತಾಗಲಿಲ್ಲ... ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಮಗ್ಗದ ಸದ್ದಿನ ಒಂದು ಊರು, ಮಡಕೆಗೆ ಪುಡಿ ತುಂಬುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ನಗುತ್ತಿದ್ದ ಒಂದು ಮುಖ ಎದುರಿಗೆ ಬಂದವು.

ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಾಗ ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ತೂಬಗೆರೆ ಕಡೆಯ ಒಂದು ಹಳ್ಳಿಯ ಗೌಡರ ಮನೆಯ ಮಗಳು. ದಿನಾ ಬಸ್ಸಿನಲ್ಲಿ ಬರುವಳು. ತೆಳ್ಳಗಿನ ಮೈ, ಗಟ್ಟಿ ಗಂಟಲು. ಕಾಲೇಜಿನಲ್ಲಿ ಸಮಾಜಸೇವೆಯ ತಂಡವೊಂದಿತ್ತು. ಹೆಚ್ಚಿನವರು ಸರ್ಟಿಫಿಕೇಟಿಗೆಂದು ಹೆಸರು ಕೊಟ್ಟಿದ್ದವರು. ಅಕ್ಕ ಮಾತ್ರ ಹಾಗಲ್ಲ. ಭಾನುವಾರ ಬೆಳಿಗ್ಗೆ ನಾವು ಇನ್ನೂ ಕಣ್ಣುಜ್ಜುತ್ತ ಬರುವಷ್ಟರಲ್ಲಿ ಅವಳು ಗುದ್ದಲಿ, ಬುಟ್ಟಿ ಜೋಡಿಸಿ ನಿಂತಿರುತ್ತಿದ್ದಳು.

ನಾವು ಹೋಗುತ್ತಿದ್ದದ್ದು ಊರಂಚಿನ ಒಂದು ಕೇರಿಗೆ. ಮಗ್ಗದ ಶೆಡ್ಡುಗಳ ಹಿಂದೆ, ಸಂತೆ ಮೈದಾನದ ಆಚೆ ಇತ್ತು ಅದು. ಅಲ್ಲಿನವರು ಮುಟ್ಟಿದ ನೀರನ್ನು ಊರಿನವರು ಕುಡಿಯುತ್ತಿರಲಿಲ್ಲ. ಗಂಡಸರು ಶೆಡ್ಡುಗಳಲ್ಲಿ ಕೂಲಿ ಮಾಡುತ್ತಿದ್ದರು. ಹೆಂಗಸರು, ಹುಡುಗಿಯರು ಮನೆಯಲ್ಲಿ ಕೂತು, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಕಡೆಯಿಂದ ಹರಿದು ಬರುವ ನೀರು, ಮನೆಗಳ ಬಚ್ಚಲ ನೀರು, ಎಲ್ಲದರ ಹೊಲಸು ಒಂದೇ ತೆರೆದ ಚರಂಡಿಯಲ್ಲಿ ಸೇರುತ್ತಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು. ಆ ಚರಂಡಿ ಕೇರಿಯ ಬಾವಿಯನ್ನು ಒರಸಿಕೊಂಡೇ ಹೋಗುತ್ತಿತ್ತು.

ನಾವು ಚರಂಡಿಯ ಹೂಳು ಎತ್ತುತ್ತಿದ್ದೆವು. ಮುಂದಿನ ಭಾನುವಾರಕ್ಕೆ ಅದು ಮತ್ತೆ ತುಂಬಿರುತ್ತಿತ್ತು. ಅಕ್ಕನಿಗೆ ಅದರಿಂದ ಬೇಸರವಾದದ್ದನ್ನು ನಾನು ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಕಂಡಿಕೆ ಸುತ್ತುವ ಹುಡುಗಿಯರನ್ನು ಸಂತೆ ಮೈದಾನಕ್ಕೆ ಕರೆದುಕೊಂಡು ಹೋಗಿ ಖೊಖೊ ಆಡಿಸುವಳು. ಬೆನ್ನು ಬಗ್ಗಿಸಿ ಕೂತೂ ಕೂತೂ ಆ ಮಕ್ಕಳಿಗೆ ಓಡುವುದೇ ಮರೆತಂತಿತ್ತು. ಮೊದಲು ಎಡವಿ ಬೀಳುತ್ತಿದ್ದವರು ಆಮೇಲಾಮೇಲೆ ಧೂಳೆಬ್ಬಿಸಿ ಓಡಿದರು. ಆಟ ಮುಗಿದ ಮೇಲೆ ಕೈ ತೊಳೆಯುವುದು, ಉಗುರು ಕತ್ತರಿಸುವುದು, ಅಕ್ಷರ. ನಾನು ಒಳ್ಳೆಯ ಬರವಣಿಗೆಯವಳೆಂದು ಅಕ್ಷರದ ಕೆಲಸ ನನಗೆ ಬಿದ್ದಿತ್ತು.

ಮನೆಯಲ್ಲಿ ಇದಾವುದನ್ನೂ ಅವಳು ಹೇಳಿರಲಿಲ್ಲ. ಭಾನುವಾರ ಸ್ಪೆಷಲ್ ಕ್ಲಾಸು ಎಂದು ಬರುತ್ತಿದ್ದಳು. "ಆ ಕೇರಿಗೆ ಹೋಗ್ತೀನಿ ಅಂದ್ರೆ ನಮ್ಮಪ್ಪ ಕಾಲೇಜೇ ಬಿಡಿಸ್ಬಿಡ್ತಾರೆ ಕಣೆ" ಎಂದು ನನ್ನ ಬಳಿ ಒಮ್ಮೆ ಹೇಳಿದ್ದಳು.

ಆ ಬೇಸಿಗೆಯಲ್ಲಿ ಕೇರಿಗೆ ವಾಂತಿಭೇದಿ ಬಂತು. ಮೊದಲು ಒಂದು ಮುದುಕಿ, ಆಮೇಲೆ ಒಂದು ಕೂಸು. ಅಕ್ಕ ಕ್ಲಾಸು ಬಿಟ್ಟು ಬೆಳಿಗ್ಗೆಯಿಂದ ಅಲ್ಲೇ ಇರತೊಡಗಿದಳು. ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಕದಡಿ, ಮಲಗಿದವರ ಬಾಯಿಗೆ ಚಮಚದಲ್ಲಿ ಬಿಡುವುದನ್ನು ಮನೆಮನೆಗೆ ಹೋಗಿ ತೋರಿಸಿದಳು. "ಭೇದಿ ಆಗ್ತಾ ಇದ್ರೆ ನೀರು ನಿಲ್ಲಿಸ್ಬೇಡ್ರಮ್ಮಾ. ಹೋದಷ್ಟೂ ಕೊಡ್ತಾನೇ ಇರ್ಬೇಕು" ಎಂದು ಹೇಳೀ ಹೇಳೀ ಅವಳ ಗಂಟಲು ಕಟ್ಟಿಹೋಗಿತ್ತು. ನೀರು ಕೊಟ್ಟವರ ಮನೆಯ ಮಕ್ಕಳು ಎದ್ದು ಕೂತರು.

ಆದರೆ ಬಾವಿಯ ವಿಷಯಕ್ಕೆ ಕೇರಿ ಬಗ್ಗಲಿಲ್ಲ. ನಾವು ತೂತಿನ ಮಡಕೆಗೆ ಬ್ಲೀಚಿಂಗ್ ಪುಡಿ, ಮರಳು ತುಂಬಿ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೆ, ನೀರು ನಾರುತ್ತದೆಂದು ಯಾರೋ ಎಳೆದು ಬಿಸಾಡುತ್ತಿದ್ದರು. ಕಾಯಿಸಿ ಕುಡಿಯಿರಿ ಎಂದರೆ ಸೌದೆ ಎಲ್ಲಿದೆ ಎನ್ನುತ್ತಿದ್ದರು. ಕೊನೆಗೆ ಒಂದು ಭಾನುವಾರ, ನಮ್ಮ ತಂಡದ ಹುಡುಗನೊಬ್ಬ ಬಾವಿಕಟ್ಟೆಯ ಮೇಲೆ ನಿಂತು, ಈ ಬಾವಿಯನ್ನೇ ಮುಚ್ಚಿಸಬೇಕು ಎಂದುಬಿಟ್ಟ.

ಬಾವಿಯ ಪಕ್ಕದ ಮನೆಯ ಹೆಂಗಸು ಕಂಡಿಕೆ ಬಿಟ್ಟು ಎದ್ದು ಬಂದಳು. ಕೇರಿಯಲ್ಲಿ ಅವಳ ಬಾಯಿಗೆ ಗಂಡಸರೂ ಹೆದರುತ್ತಿದ್ದರು. ಸತ್ತ ಕೂಸು ಅವಳ ತಂಗಿಯದು.

"ಊರ ಬಾವಿಗೆ ನಮ್ಮನ್ನ ಬಿಡ್ದೇ ಇದ್ದಾಗ ನಮ್ಮಜ್ಜ ತೋಡಿದ್ದು ಕಣಪ್ಪಾ ಇದು. ಅವತ್ತು ನಿಮ್ಮ ಬಾವಿ ಮುಟ್ಟಂಗಿಲ್ಲ ಅಂದ್ರಿ. ಇವತ್ತು ನಮ್ಮ ಬಾವೀದು ಕುಡಿಯಂಗಿಲ್ಲ ಅಂತೀರಾ?"

ಅವಳು ನಮ್ಮ ಚೀಲಗಳ ಕಡೆ ಕೈ ತೋರಿಸಿದಳು. ಎಲ್ಲರ ಚೀಲದಲ್ಲೂ ಮನೆಯಿಂದ ತಂದ ನೀರಿನ ಬಾಟಲಿ ಇತ್ತು.

"ವರ್ಷದಿಂದ ಬರ್ತಾ ಇದೀರಿ. ನಮ್ಮನೇಲಿ ಒಂದು ತೊಟ್ಟು ನೀರು ಕುಡಿದಿದೀರಾ? ರೋಗದ ಮಾತು ಈಗ ಬಂತು. ಅದಕ್ಕೆ ಮುಂಚೆ ಯಾಕೆ ಕುಡೀಲಿಲ್ಲ, ಹೇಳಿ ನೋಡಣ."

ಹೆಂಗಸರೆಲ್ಲ ಬಾಗಿಲುಗಳಲ್ಲಿ ಬಂದು ನಿಂತಿದ್ದರು. ಖೊಖೊ ಆಡುತ್ತಿದ್ದ ಹುಡುಗಿಯರು ತಾಯಂದಿರ ಹಿಂದಿನಿಂದ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಗುಂಪಿನಿಂದ ಹೊರಗೆ ಬಂದು ಆ ಹೆಂಗಸಿನ ಮನೆಯ ಜಗಲಿಯ ಮೇಲೆ ಕೂತಳು.

"ಬಾಯಾರಿಕೆ ಆಗಿದೆ. ಕುಡಿಯಾಕೆ ನೀರು ಕೊಡಮ್ಮಾ" ಎಂದಳು.

ಆ ಹೆಂಗಸಿನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟು ಇಳಿದು ದಿಗಿಲು ಬಂದಿತ್ತು. ಒಳಗೆ ಹೋಗಿ ಚೊಂಬನ್ನು ಬೂದಿ ಹಾಕಿ ಬೆಳಗುವ ಸದ್ದು ಕೇಳಿಸಿತು. ಬಹಳ ಹೊತ್ತು ಬೆಳಗಿದಳು. ನಾನು ಅಕ್ಕನ ಸೆರಗು ಜಗ್ಗಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಚೊಂಬು ಬಂತು. ಅಕ್ಕ ಕಚ್ಚಿಯೇ ಕುಡಿದಳು, ಅರ್ಧಕ್ಕಿಂತ ಹೆಚ್ಚು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು "ತಣ್ಣಗಿದೆ" ಎಂದಳು.

ಆಮೇಲೆ ಅವಳು ಹೇಳಿದ್ದನ್ನು ಕೇರಿ ಕೇಳಿತು. "ಬಾವಿ ಮುಚ್ಚೋದು ಬ್ಯಾಡ. ನಿಮ್ಮ ತಾತ ತೋಡಿದ್ದು, ಇರ್ಲಿ. ಈ ರೋಗ ಹೋಗೋಗಂಟ ಮಡಕೆ ಎತ್ತಬ್ಯಾಡಿ, ಕಾಯಿಸಿ ಕುಡೀರಿ. ಅಷ್ಟೇ ನಾನು ಕೇಳೋದು." ಆ ಹೆಂಗಸು ತಾನೇ ಮಡಕೆಯ ಹಗ್ಗ ಹಿಡಿದು ಬಾವಿಗೆ ಇಳಿಸಿದಳು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ಜಗಳಕ್ಕೇ ಇಳಿದೆ. "ಗೊತ್ತಿದ್ದೂ ಯಾಕಕ್ಕಾ ಕುಡಿದೆ?"

"ಕುಡೀದೇ ಬಂದಿದ್ರೆ ಆ ಕೇರಿಗೆ ಇನ್ನೊಂದ್ಸಲ ಹೋಗೋ ಮುಖ ಇರ್ತಿತ್ತಾ ನಮಗೆ?" ಎಂದಳು. ಆಮೇಲೆ, "ನಮ್ಮನೇಲಿ ಕೂಲಿಯೋರಿಗೆ ಲೋಟ ಬೇರೆ ಕಣೆ. ಕೊಟ್ಟಿಗೆ ಗೋಡೇಲಿ ಸಿಗಿಸಿರ್ತಾರೆ. ಅದನ್ನ ನೋಡ್ಕಂಡೇ ಬೆಳೆದಿದೀನಿ" ಎಂದಳು. ನನ್ನ ಮುಖ ನೋಡಿ ನಕ್ಕಳು. "ಏನಾದ್ರೂ ಆದ್ರೆ ಉಪ್ಪು ಸಕ್ಕರೆ ನೀರು ಕುಡ್ಕಂಡು ಮಲಗ್ತೀನಿ, ಬಿಡು."

ಸೋಮವಾರ ಕಾಲೇಜಿಗೆ ಬಂದಳು. ಮಂಗಳವಾರ ಬರಲಿಲ್ಲ. ಬುಧವಾರ ಅವಳ ಊರಿನ ಬಸ್ಸಿನಲ್ಲಿ ಬಂದ ಹುಡುಗನೊಬ್ಬ ಕಾಲೇಜಿನ ಗೇಟಿನಲ್ಲಿ ನಿಂತು ಸುದ್ದಿ ಹೇಳಿದ.

ನಾವು ಹೋಗುವಷ್ಟರಲ್ಲಿ ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದರು. ನಡುಮನೆಯಲ್ಲಿ ಹೆಂಗಸರು ಕೂತಿದ್ದರು. ಅವಳ ತಾಯಿ ಗೋಡೆಗೆ ಒರಗಿದ್ದರು. ಅಳು ಮುಗಿದುಹೋದಂತಿತ್ತು. ಕಾಲೇಜಿನವರು ಎಂದು ಯಾರೋ ಹೇಳಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನೀರು ಕೇಳಿದ್ಲು ಕಣವ್ವಾ" ಎಂದರು. "ರಾತ್ರಿಯಿಂದ ಕೇಳಿದ್ಲು. ಉಪ್ಪು ಸಕ್ಕರೆ ಹಾಕಿ ಕೊಡವ್ವಾ ಅಂತಾಳೆ. ಭೇದಿಯಾಗೋವಾಗ ನೀರು ಕೊಟ್ರೆ ಇನ್ನೂ ಕಿತ್ಕಂಡು ಹೋಗ್ತದೆ ಅಂತ ನಮ್ಮತ್ತೆ ಬ್ಯಾಡ ಅಂದ್ರು. ನಂಗೂ ಹಂಗೇ ಗೊತ್ತಿದ್ದಿದ್ದು. ಜ್ವರಕ್ಕೆ ಏನೋ ಬಡಬಡಿಸ್ತಾಳೆ ಅಂದ್ಕಂಡೆ. ಎದ್ದು ಹಂಡೆ ಹತ್ರ ಹೋದ್ಲು. ನಾನೇ ಕೈ ಹಿಡ್ಕಂಡು ಬಂದು ಮಲಗಿಸ್ದೆ..."

ಬೆಳಿಗ್ಗೆ ಅವಳಪ್ಪ ಗಾಡಿ ಕಟ್ಟಿ ಬಸ್ಸಿನ ರಸ್ತೆಯವರೆಗೆ ಒಯ್ದಿದ್ದರಂತೆ. ರಸ್ತೆ ಕಾಣುವಷ್ಟರಲ್ಲಿ ಕಣ್ಣು ಮೇಲಾಗಿತ್ತು.

ಇಡೀ ಕೇರಿಗೆ ಅವಳು ಕಲಿಸಿದ್ದನ್ನು ಆ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಕಲಿಸುವುದಿರಲಿ, ಕೇರಿಯ ಹೆಸರೆತ್ತುವ ಧೈರ್ಯವೇ ಅವಳಿಗೆ ಅಲ್ಲಿ ಇರಲಿಲ್ಲ. ನಾನು ಆ ತಾಯಿಯ ಕೈ ಹಿಡಿದುಕೊಂಡು ಕೂತಿದ್ದೆ.

ತಿಥಿಯ ದಿನ ಕೇರಿಯ ಹೆಂಗಸರು ಬಂದರು. ಬಾವಿ ಪಕ್ಕದ ಮನೆಯಾಕೆ ಮುಂದೆ, ಉಳಿದವರು ಹಿಂದೆ, ಖೊಖೊ ಹುಡುಗಿಯರೂ ಇದ್ದರು. ಜಗಲಿಯಿಂದ ದೂರ, ಬಿಸಿಲಲ್ಲೇ ನಿಂತರು. ನಾನು ಅಂಗಳದಲ್ಲಿದ್ದೆ. ಯಾರು, ಯಾಕೆ ಬಂದದ್ದು ಎಂದು ಗಂಡಸರು ಕೇಳಿದರು. ಅಕ್ಕನ ಅಪ್ಪ ಹೊರಗೆ ಬಂದರು.

ಆ ಹೆಂಗಸು ಏನನ್ನೂ ಮುಚ್ಚಿಡಲಿಲ್ಲ. "ನಮ್ಮ ಕೇರಿ ಮಕ್ಕಳ್ನ ಉಳಿಸಿದ್ಲು ಗೌಡ್ರೇ. ಭಾನುವಾರ ನಮ್ಮನೇಲಿ ನೀರು ಕುಡಿದ್ಲು. ನಾನೇ ಕೊಟ್ಟಿದ್ದು" ಎಂದಳು.

ಅಂಗಳದಲ್ಲಿ ಗದ್ದಲವಾಯಿತು. ಒಬ್ಬ ಕೈ ಎತ್ತಿಕೊಂಡು ಮುಂದೆ ಹೋದ. ಅವಳಪ್ಪ ಅವನನ್ನು ತಡೆದರು. ಆಮೇಲೆ ಬೆನ್ನು ತಿರುಗಿಸಿ ಒಳಗೆ ಹೋದರು. ಹೆಂಗಸರು ಹೋಗಲೂ ಆರದೆ ಇರಲೂ ಆರದೆ ನಿಂತೇ ಇದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಚಿಕ್ಕ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಕುಕ್ಕರಿಸಿದಳು.

ಆಗ ಅಕ್ಕನ ತಾಯಿ ಬಂದರು. ಕೈಯಲ್ಲಿ ಮನೆಯ ಹಿತ್ತಾಳೆ ಚೊಂಬು. ಊರ ಗಂಡಸರ ನಡುವೆಯೇ ನಡೆದು ಹೋಗಿ ಆ ಹೆಂಗಸಿನ ಮುಂದೆ ಹಿಡಿದರು. ಅವಳು ಅಭ್ಯಾಸಬಲದಿಂದ ಬಗ್ಗಿ ಬೊಗಸೆ ಒಡ್ಡಿದಳು.

"ಬ್ಯಾಡ. ಚೊಂಬು ಈಸ್ಕಂಡು ಕುಡಿಯವ್ವಾ" ಎಂದರು ತಾಯಿ.

ಚೊಂಬು ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಖಾಲಿಯಾದಾಗ ತಾಯಿ ಒಳಗೆ ಹೋಗಿ ಮತ್ತೆ ತುಂಬಿಕೊಂಡು ಬಂದರು. ಅವತ್ತು ಆ ಮನೆಯಲ್ಲಿ ನೆಂಟರು ಊಟ ಮಾಡದೆ ಎದ್ದು ಹೋದರು. ಅವಳಪ್ಪ ಬಹಳ ಕಾಲ ಹೆಂಡತಿಯ ಜೊತೆ ಮಾತಾಡಲಿಲ್ಲವಂತೆ.

ಮಳೆಗಾಲಕ್ಕೆ ಮೊದಲೇ ಕೇರಿಗೆ ನಲ್ಲಿ ಬಂತು. ಅಧಿಕಾರಿಗಳು ಬಂದರು, ಚರಂಡಿಗೆ ಕಲ್ಲು ಹಾಸಿದರು. ಅನುಕೂಲಸ್ಥರ ಮನೆಯ ಕಾಲೇಜು ಹುಡುಗಿ ಸತ್ತದ್ದು ಮೇಲಿನವರ ಕಿವಿಗೆ ಬಿದ್ದಿತ್ತು. ಬಾವಿ ಪಕ್ಕದ ಮನೆಯಾಕೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನನಗೆ ಹೇಳಿದ್ದಳು: "ನಮ್ಮ ಕೂಸು ಹೋದಾಗ ಒಬ್ರೂ ಬರ್ಲಿಲ್ಲ ಕಣಮ್ಮಾ. ಇದು ಅವಳ ನೀರು. ಕುಡಿಯಾಕೆ ಮನಸೇ ಬರಲ್ಲ, ಕುಡೀದೆ ವಿಧಿಯಿಲ್ಲ." ನಮ್ಮ ತಂಡ ಆ ವರ್ಷವೇ ಚದುರಿತು. ಯಾರ ಮನೆಯವರೂ ಹುಡುಗಿಯರನ್ನು ಕಳಿಸಲಿಲ್ಲ. ಸಂತೆ ಮೈದಾನದಲ್ಲಿ ಖೊಖೊ ನಿಂತಿತು. ಆ ಹುಡುಗಿಯರು ಮತ್ತೆ ಕಂಡಿಕೆಗೆ ಕೂತರು.

ಓದು ಮುಗಿಸಿ ನಾನು ಟೀಚರಾದೆ, ಮದುವೆಯಾಯಿತು, ಈ ಕಡೆಗೆ ಬಂದೆ. ಅವಳ ಹಳ್ಳಿಯ ಕಡೆ ಹೋಗುವ ಮನಸ್ಸಾಗಿರಲಿಲ್ಲ. ಸಂಪು ತೊಳೆದ ಆ ದಿನದ ನಂತರ ಮಾತ್ರ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಹೊರಟೆ. ಅವಳಪ್ಪ ತೀರಿಕೊಂಡು ವರ್ಷಗಳಾಗಿವೆ. ಅಕ್ಕನ ತಮ್ಮನ ಸಂಸಾರದ ಜೊತೆ ತಾಯಿ ಇದ್ದಾರೆ. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ್ದರು. ನನ್ನ ಗುರುತು ಹತ್ತಲಿಲ್ಲ.

"ಬಿಸಿಲಲ್ಲಿ ಬಂದಿದೀಯ. ನೀರು ಕುಡೀತೀಯೇನವ್ವಾ?" ಎಂದರು. ಪಕ್ಕದಲ್ಲೇ ಮುಚ್ಚಿದ ಬಿಂದಿಗೆ, ಲೋಟ. ತಾವೇ ಬಗ್ಗಿಸಿ ಕೊಟ್ಟರು. ಕುಡಿದೆ. ಊರು, ಮಕ್ಕಳು ಎಂದು ಏನೋ ಮಾತಾಡಿದೆವು. ಸ್ವಲ್ಪ ಹೊತ್ತಿಗೆ ಮತ್ತೆ, "ನೀರು ಕುಡೀತೀಯೇನವ್ವಾ?"

ಸೊಸೆ ಹೊರಗೆ ಬಂದು ಮೆಲ್ಲಗೆ ಹೇಳಿದಳು: "ಏನೂ ನೆನಪಿಲ್ಲ ಮೇಡಂ ಅವರಿಗೆ. ಮಗಳಿದ್ದಿದ್ದೂ ನೆನಪಿಲ್ಲ. ಇದೊಂದು ಬಿಟ್ಟಿಲ್ಲ. ರಸ್ತೇಲಿ ಹೋಗೋರ್ನೂ ಕರೀತಾರೆ. ನೀವು ಬ್ಯಾಡ ಅನ್ಬೇಡಿ, ಅಂದ್ರೆ ಅಳ್ತಾರೆ."

ಅಕ್ಕ ಹೇಗಿದ್ದಳೆಂದು ಇನ್ನು ಯಾರನ್ನು ಕೇಳಲಿ? ನನ್ನ ನೆನಪಿನಲ್ಲೂ ಅವಳ ದನಿ ತೆಳ್ಳಗಾಗುತ್ತಿದೆ... ಅವಳಿಗೆ ಜನ್ಮ ಕೊಟ್ಟವರ ಬಳಿಯೇ ಅವಳು ಉಳಿದಿಲ್ಲ.

ಬಸ್ಸಿನ ಹೊತ್ತಾಗಿತ್ತು. ಎದ್ದೆ. ತಾಯಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಹೊಟ್ಟೆ ತುಂಬಿತ್ತು. ಮತ್ತೆ ಕೂತು, ಅವರ ಕೈಯಿಂದ ಲೋಟ ಈಸಿಕೊಂಡೆ.