ಉಸ್ತಾ ಬಯೂಮಿಯ ಕೆಂಪು ಕಾರು

ಇನ್ಶಿರಾಹಳ ಫೋಟೋ ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದ ಫೋಟೋಗಳನ್ನು ಮೊದಲ ಸಲ ನೋಡಿದಾಗ, ಪಾಪ, ಈಕೆಯ ಪ್ರಿಂಟರಿನಲ್ಲಿ ಬಣ್ಣದ ಶಾಯಿ ಮುಗಿದುಹೋಗಿದೆ ಎಂದುಕೊಂಡೆ. ಒಂದರಲ್ಲಿ ಮದುಮಗ, ಮದುಮಗಳು, ಹಿಂದಿನ ಕಡಲು ಎಲ್ಲವೂ ಕಪ್ಪು ಬಿಳುಪು. ಮದುಮಗಳ ಕೈಯಲ್ಲಿದ್ದ ಗುಲಾಬಿ ಗೊಂಚಲು ಮಾತ್ರ ಕೆಂಪು. ಇನ್ನೊಂದರಲ್ಲಿ ಬೂದು ಮುಖದ ಮಗುವೊಂದು ಹಸಿರು ಬಲೂನು ಹಿಡಿದು ನಿಂತಿತ್ತು. ಉಳಿದಷ್ಟು ಶಾಯಿಯನ್ನೇ ಎಲ್ಲರಿಗೂ ಚೂರುಚೂರು ಹಂಚಿ ಅಂಗಡಿ ತೂಗಿಸುತ್ತಿದ್ದಾಳೆ ಎಂದು ಮರುಗಿ ಒಳಗೆ ಹೋದೆ.

"ಶಾಯಿ ಬರೋವರೆಗೂ ಕಾಯ್ತೀನಿ ಅಬ್ಲಾ. ನಂಗೇನೂ ಅವಸರ ಇಲ್ಲ."

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಪಾಸ್‌ಪೋರ್ಟ್ ಫೋಟೋನಾ? ಅಲ್ಲಿ ಕೂತ್ಕೋ. ಗಲ್ಲ ಎತ್ತು. ಅದರ ಕೆಳಗೆ ಇನ್ನೊಂದು ಗಲ್ಲ ಇದೆ, ಅದನ್ನೂ ಎತ್ತು."

ಅಲೆಕ್ಸಾಂಡ್ರಿಯದ ನಮ್ಮ ಕರ್ಮೂಸ್ ಬೀದಿಗೆಲ್ಲ ಆಕೆ ಅಬ್ಲಾ, ಅಂದರೆ ದೊಡ್ಡಕ್ಕ. ಆಕೆಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಆಕೆ ಮಾತ್ರ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾಳೆ. ಗಂಡ ರಿಜ್ಕ್ ಬದುಕಿದ್ದಾಗ ಅದು ದೊಡ್ಡ ಸ್ಟುಡಿಯೋ. ಗೋಡೆಗೆ ಸಮುದ್ರದ ಚಿತ್ರ ಬರೆದ ಪರದೆ ಇತ್ತು. ಟ್ರಾಮ್ ಹತ್ತಿದರೆ ನಿಜವಾದ ಸಮುದ್ರವೇ ಸಿಗುತ್ತಿದ್ದರೂ ಜನ ಆ ಪರದೆಯ ಮುಂದೆಯೇ ನಿಲ್ಲುತ್ತಿದ್ದರು. ಅಲ್ಲಿ ಗಾಳಿ ಇಲ್ಲ, ಕೂದಲು ಕೆದರುವುದಿಲ್ಲ. ಆಮೇಲೆ ರಿಜ್ಕ್ ಹೋದ. ಎಲ್ಲರ ಜೇಬಿಗೂ ಮೊಬೈಲ್ ಬಂತು. ತಮ್ಮ ಫೋಟೋ ತಾವೇ ತೆಗೆದುಕೊಳ್ಳಲು ಕಲಿತ ಜನಕ್ಕೆ ಸ್ಟುಡಿಯೋ ಯಾಕೆ ಬೇಕು? ಗುರುತಿನ ಚೀಟಿಯ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಇಷ್ಟಕ್ಕೆ ಅಂಗಡಿ ಕುಗ್ಗಿತು.

ಆಗ ತಂಗಿಯ ಮಗಳೊಬ್ಬಳು ರಜೆಗೆ ಬಂದವಳು ಆಕೆಗೆ ಅಂತರ್ಜಾಲದಲ್ಲಿ ಒಂದು ತಾಣ ತೋರಿಸಿಕೊಟ್ಟಳು. ಫೋಟೋವನ್ನು ಅದಕ್ಕೆ ಏರಿಸಿ ಒಂದು ಗುಂಡಿ ಒತ್ತಿದರೆ ಬಣ್ಣವೆಲ್ಲ ಇಳಿದುಹೋಗುತ್ತದೆ. ಆಮೇಲೆ ಮೌಸಿನಿಂದ ಎಲ್ಲಿ ಒರೆಸಿದರೆ ಅಲ್ಲಿ ಮಾತ್ರ ಬಣ್ಣ ಮರಳುತ್ತದೆ. ಹಳೆಯ ಕಪ್ಪು ಬಿಳುಪು ಫೋಟೋ ಆದರೆ ಬಣ್ಣವನ್ನು ನಾವೇ ಆರಿಸಿ ಬಳಿಯಬೇಕು. ತಾಣವೇನೋ ಪುಕ್ಕಟೆ, ಆದರೆ ಪ್ರತಿ ಫೋಟೋಗೂ ಒಂದು ಜಾಹೀರಾತು ನೋಡಬೇಕು. ಆ ಹೊತ್ತಿನಲ್ಲಿ ಇನ್ಶಿರಾಹ್ ಚಹಾಕ್ಕೆ ಸಕ್ಕರೆ ಕಲಕುತ್ತಾಳೆ.

ಸುದ್ದಿ ಹಬ್ಬಿತು. ಅಂಫೂಶಿಯ ಮೀನುಗಾರನೊಬ್ಬ ತನ್ನ ದೋಣಿಗೆ ಮಾತ್ರ ಬಣ್ಣ ಹಾಕಿಸಿಕೊಂಡು ಹೋದ. ಪಕ್ಕದಲ್ಲಿದ್ದ ಹೆಂಡತಿ ಹಾಗೇ ಬೂದಾಗಿ ಉಳಿದಳು. ಒಬ್ಬ ಅತ್ತೆ ಸೊಸೆಯ ಮದುವೆಯ ಫೋಟೋ ತಂದು, "ನಾವು ಹಾಕಿದ ಚಿನ್ನಕ್ಕೆ ಮಾತ್ರ ಬಣ್ಣ ಕೊಡು" ಎಂದಳು. ಸಂಘದ ಚುನಾವಣೆಗೆ ನಿಂತವನೊಬ್ಬ ಜನಸಾಗರದ ನಡುವೆ ತಾನೊಬ್ಬನೇ ಬಣ್ಣದಲ್ಲಿರಬೇಕೆಂದ. ಸೋತ. ಇನ್ಶಿರಾಹ್ ಯಾರಿಗೂ ಬೇಡ ಎನ್ನಲಿಲ್ಲ. ಆಕೆಯದು ಒಂದೇ ಷರತ್ತು, ಒಂದು ಫೋಟೋಗೆ ಒಂದೇ ವಸ್ತು.

"ಎರಡಕ್ಕೆ ಹಾಕಿದ್ರೆ ಅವೆರಡೂ ಕಿತ್ತಾಡ್ತವೆ," ಎನ್ನುತ್ತಿದ್ದಳು. "ಬಣ್ಣ ಇದ್ದ ಕಡೆಗೇ ಎಲ್ಲರ ಕಣ್ಣು ಹೋಗೋದು. ಯೋಚ್ನೆ ಮಾಡಿ ಹೇಳು."

ಶೌಕಿ ಯೋಚನೆ ಮಾಡಿಕೊಂಡೇ ಬಂದಿದ್ದ.

ಶೌಕಿಯನ್ನು ನಮ್ಮ ಬೀದಿಯಲ್ಲಿ ಅರಿಯದವರಿಲ್ಲ. ಅರಿಯದವರಿಗೆ ಅವನೇ ವಿಸಿಟಿಂಗ್ ಕಾರ್ಡ್ ಕೊಡುತ್ತಾನೆ. ಅದರ ಮೇಲೆ 'ಆಡಳಿತ ಮಂಡಳಿಯ ಅಧ್ಯಕ್ಷರು' ಎಂದು ಅಚ್ಚಾಗಿದೆ. ಮಂಡಳಿಯಲ್ಲಿ ಅವನೂ ಒಂದು ತಿರುಗುವ ಕುರ್ಚಿಯೂ ಇವೆ. ಮಾರುವುದು ಬಚ್ಚಲುಮನೆಯ ಟೈಲ್ಸು, ನಲ್ಲಿ, ಕಮೋಡು. ಮಗಳು ನರ್ಮಿನ್‌ಗೆ ಕೈರೋದ ನಿವೃತ್ತ ನ್ಯಾಯಾಧೀಶರ ಮಗನ ಸಂಬಂಧ ಕುದುರಿತ್ತು. ಬರುವ ಶುಕ್ರವಾರ ಅವರು ಬಂದು ಕುರಾನಿನ ಫಾತಿಹಾ ಓದಿ ಮಾತು ಗಟ್ಟಿ ಮಾಡಿಕೊಳ್ಳುವುದೆಂದು ಗೊತ್ತಾಗಿತ್ತು. ಶೌಕಿ ಅವರಿಗೆ ತನ್ನ ತಂದೆ "ಸಾರಿಗೆ ಉದ್ಯಮದಲ್ಲಿದ್ದರು" ಎಂದು ಹೇಳಿಕೊಂಡಿದ್ದ. ತಂದೆ ಬಯೂಮಿ ಆಯುಷ್ಯವಿಡೀ ಟ್ಯಾಕ್ಸಿ ಓಡಿಸಿ, ಚಾಲಕರನ್ನು ಕರೆಯುವಂತೆ ಎಲ್ಲರಿಂದ 'ಉಸ್ತಾ' ಎನಿಸಿಕೊಂಡವನು. ಅದು ನ್ಯಾಯಾಧೀಶರಿಗೆ ತಿಳಿದರೆ ಸಂಬಂಧ ಮುರಿದುಬಿದ್ದ ಹಾಗೇ ಎಂಬುದು ಶೌಕಿಯ ಲೆಕ್ಕ.

ಅಂದು ನಾನು ಜೆರಾಕ್ಸಿಗೆಂದು ಹೋಗಿದ್ದೆ. ಶೌಕಿ ಮೇಜಿನ ಮೇಲೆ ಒಂದು ಹಳೆಯ ಫೋಟೋ ಇಟ್ಟ. ಫಿಯೆಟ್ ಕಾರಿನ ಬಾನೆಟ್ಟಿಗೆ ಒರಗಿ ಉಸ್ತಾ ಬಯೂಮಿ ನಗುತ್ತಿದ್ದ.

"ಕಾರಿಗೆ ಬಣ್ಣ ಹಾಕು ಅಬ್ಲಾ. ಇಡೀ ಕಾರಿಗೆ. ದಾಳಿಂಬೆ ಕೆಂಪು."

"ಈ ಟ್ಯಾಕ್ಸಿ ಹಳದಿ ಕಪ್ಪು ಅಲ್ವೇನೋ?"

"ಯಾರು ಹೇಳಿದ್ದು? ನೋಡು, ಬೂದು ಇದೆ."

"ಯಾರು ಹೇಳಬೇಕು? ಇದರ ಹಿಂದಿನ ಸೀಟಲ್ಲಿ ಬೊಬ್ಬೆ ಹೊಡೀತಾ ಹೆರಿಗೆ ಆಸ್ಪತ್ರೆಗೆ ಹೋದೋಳು ನಾನು. ನಿಮ್ಮಪ್ಪ ದುಡ್ಡೂ ತಗೊಳ್ಳಲಿಲ್ಲ."

"ಅಬ್ಲಾ, ಹಳೇ ಕಥೆ ಯಾಕೆ? ನನ್ನ ಮಗಳ ಬಾಳಿನ ಪ್ರಶ್ನೆ. ಕೆಂಪು ಅಂದ್ರೆ ಕೆಂಪು."

"ಆಯ್ತು. ಬೇರೆ ಏನಾದ್ರೂ ಸರಿಮಾಡ್ಲಾ? ಒಂದ್ಸಲ ಚೆನ್ನಾಗಿ ನೋಡು."

"ಕಾರು ಮಾತ್ರ! ಬೇರೆ ಒಂದು ಕೂದಲೂ ಮುಟ್ಟಬೇಡ. ಕೆಲಸ ನಿಂದು, ಕಲ್ಪನೆ ನಂದು."

ಇನ್ಶಿರಾಹ್ ಫೋಟೋವನ್ನು ತಾಣಕ್ಕೆ ಏರಿಸಿದಳು. ಜಾಹೀರಾತು ಮುಗಿಸಿ ಕೂತಳು. ಹಳದಿ ಇದ್ದ ಭಾಗ ತಕ್ಷಣ ಕೆಂಪಾಯಿತು. ಕಪ್ಪು ಭಾಗ ಹಟ ಹಿಡಿಯಿತು. ಕಪ್ಪಿನ ಮೇಲೆ ಯಾವ ಬಣ್ಣವೂ ಹತ್ತುವುದಿಲ್ಲವಂತೆ, ಮೊದಲು ಅದನ್ನು ತೆಳುಮಾಡಬೇಕಂತೆ. ಬಾಗಿಲು, ಚಾವಣಿ ಎಲ್ಲವನ್ನೂ ತೆಳುಮಾಡಿ, ಬಳಿದು, ಅಂಚು ತಿದ್ದಿ, ಸಂಜೆಗೆ ಮುಗಿಸಿದಳು. ಉಸ್ತಾ ಬಯೂಮಿಯ ಟ್ಯಾಕ್ಸಿ ಯಾವುದೋ ಸಿರಿವಂತ ಪಾಶಾನ ಮನೆಯ ಮುಂದೆ ನಿಲ್ಲಬಹುದಾದ ಕಾರಾಯಿತು. ಶೌಕಿ ಅದನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ಚಿನ್ನದ ಬಣ್ಣದ ಚೌಕಟ್ಟು ಕಟ್ಟಿಸಿದ.

ಶುಕ್ರವಾರ ನೆರೆಯವನೆಂದು ನನ್ನನ್ನೂ ಕರೆದಿದ್ದರು. ನ್ಯಾಯಾಧೀಶ ಬಹ್ಗತ್ ಬೇ, ಅಂದರೆ ಬಹ್ಗತ್ ಸಾಹೇಬರು, ಮನೆಯವರೆಲ್ಲರ ಜೊತೆ ಬಂದು ಸೋಫಾದಲ್ಲಿ ಕೂತರು. ಕೂತವರ ಕಣ್ಣೆಲ್ಲ ಗೋಡೆಯ ಮೇಲೆ. ಬೂದು ಬೀದಿ, ಬೂದು ಆಕಾಶ, ಬೂದು ಬಯೂಮಿ, ನಡುವೆ ಧಗಧಗಿಸುವ ಕಾರು.

"ಎಷ್ಟು ಚೆಂದದ ಕಾರು!" ಎಂದರು ಹುಡುಗನ ತಾಯಿ.

"ಆಗಿನ ಕಾಲಕ್ಕೆ ಇಡೀ ಅಲೆಕ್ಸಾಂಡ್ರಿಯದಲ್ಲಿ ಅಂಥದ್ದು ಎರಡೋ ಮೂರೋ ಇದ್ವು ಅಷ್ಟೇ," ಎಂದ ಶೌಕಿ.

ಬಹ್ಗತ್ ಬೇ ಎದ್ದು ಹತ್ತಿರ ಹೋದರು. ಜೀವನವಿಡೀ ಕಾಗದಪತ್ರಗಳ ಮೂಲೆಯನ್ನೇ ಓದಿದ ಮನುಷ್ಯ. ಕನ್ನಡಕ ಹಾಕಿಕೊಂಡರು.

"ಶೌಕಿ ಬೇ, ನಂಬರ್ ಪ್ಲೇಟಿನ ಮೇಲೆ 'ಬಾಡಿಗೆ' ಅಂತ ಇದೆಯಲ್ಲ?"

ಈ ಫೋಟೋ ವರ್ಷಗಟ್ಟಲೆ ಅದೇ ಮನೆಯ ಪ್ಯಾಸೇಜಿನಲ್ಲಿ ನೇತಾಡಿತ್ತು. ಬೂದಿನಲ್ಲಿ ಬೂದಾಗಿದ್ದ ಪ್ಲೇಟನ್ನು ಒಬ್ಬರೂ ನೋಡಿರಲಿಲ್ಲ, ಶೌಕಿಯೂ. ಈಗ ಸುತ್ತ ಕೆಂಪು ಬಂದದ್ದೇ ಅದು ತುಟಿಗಳ ನಡುವಿನ ಹಲ್ಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಅದೂ... ಆವತ್ತು ಬೇರೆ ಗಾಡಿಯ ಪ್ಲೇಟ್ ಹಾಕಿದ್ರು."

"ಹಾಗಾದ್ರೆ ಅದು ಅಪರಾಧ," ಎಂದರು ನ್ಯಾಯಾಧೀಶರು, ಅಭ್ಯಾಸಬಲದಿಂದ.

ಮೂಲೆಯ ಕುರ್ಚಿಯಿಂದ ಶೌಕಿಯ ತಾಯಿ, ಹಜ್ ಮಾಡಿ ಬಂದು ಹಾಜಾ ಎನಿಸಿಕೊಂಡ ದೌಲತ್, ಕೋಲೂರಿ ಎದ್ದಳು. ಗೋಡೆಯ ಕಡೆ ನಡೆದು ಕಣ್ಣು ಕಿರಿದು ಮಾಡಿ ನೋಡಿದಳು.

"ಅಪರಾಧ ಮಾಡಿದ್ದು ಯಾರು? ನನ್ನ ಗಂಡನಾ?"

"ಅಮ್ಮ, ನೀವು ಕೂತ್ಕೊಳ್ಳಿ..."

"ನೀನು ಸುಮ್ನಿರು. ಅದು ಟ್ಯಾಕ್ಸಿ ಕಣಪ್ಪಾ ನ್ಯಾಯಾಧೀಶ. ಹಳದಿ, ಕಪ್ಪು. ಅದು ಬೀದಿಬೀದಿ ತಿರುಗಿದ್ದಕ್ಕೇ ಈ ನನ್ನ ಮಗ ಸ್ಕೂಲಿನ ಮುಖ ನೋಡಿದ್ದು. ಇದಕ್ಕೆ ಕೆಂಪು ಬಳಿದೋರು ಯಾರು? ಇಷ್ಟು ವರ್ಷ ಈ ಫೋಟೋನ ಒರೆಸಿ ಒರೆಸಿ ಇಟ್ಟ ನಂಗೆ ನಾಚಿಕೆ ಆಗಲಿಲ್ಲ, ನಿನಗೆ ಆಯ್ತೇನೋ ಶೌಕಿ?"

ನನ್ನ ಬಾಯಲ್ಲಿ ಬಸ್ಬೂಸಾ ಎಂಬ ರವೆ ಸಿಹಿಯ ತುಂಡಿತ್ತು. ನುಂಗುವುದೋ ಬೇಡವೋ ತಿಳಿಯಲಿಲ್ಲ. ಬಹ್ಗತ್ ಬೇ ಕನ್ನಡಕ ತೆಗೆದು ಮಡಿಸಿ, ಹಾಜಾಳಿಗೆ ತಮ್ಮ ಜಾಗ ಬಿಟ್ಟುಕೊಟ್ಟು ಕೂರಿಸಿದರು.

"ನಮ್ಮ ಕೈರೋದ್ದಾಗಿದ್ರೆ ಈ ತಾಪತ್ರಯನೇ ಇರ್ತಿರ್ಲಿಲ್ಲ ಹಾಜಾ. ಆಗ ನಮ್ಮಲ್ಲಿ ಟ್ಯಾಕ್ಸಿನೇ ಕಪ್ಪು ಬಿಳುಪು."

ಮೊದಲು ನಕ್ಕವಳು ನರ್ಮಿನ್. ಆಮೇಲೆ ಎಲ್ಲರೂ. ಫಾತಿಹಾ ಓದಿದರು, ಗುಲಾಬಿ ಶರಬತ್ತು ಬಂತು. ಶೌಕಿಯ ಕೈಯಲ್ಲಿದ್ದ ಲೋಟವೂ ಅವನ ಮುಖವೂ ಕಾರಿನ ಬಣ್ಣದಲ್ಲೇ ಇದ್ದವು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಹಾಜಾ ಮುಗಿಸಲಿಲ್ಲ. ಅತಿಥಿಗಳು ಹೋದ ಮೇಲೆ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಗಂಡನ ಟ್ಯಾಕ್ಸಿ ತನ್ನ ಬಣ್ಣದಲ್ಲಿ ಆ ಗೋಡೆಗೆ ಬರುವವರೆಗೆ ಮಗನೊಡನೆ ಮಾತಿಲ್ಲ, ಮೊಮ್ಮಗಳ ಮದುವೆಗೂ ಕಾಲಿಡುವುದಿಲ್ಲ. ಅಜ್ಜಿ ಬಾರದ ಮದುವೆ ತನಗೂ ಬೇಡ ಎಂದಳು ನರ್ಮಿನ್. ಈಗ ಸಂಬಂಧ ತಪ್ಪುವಂತಿದ್ದದ್ದು ಟ್ಯಾಕ್ಸಿಯಿಂದಲ್ಲ, ಕೆಂಪು ಬಣ್ಣದಿಂದ.

ಬೆಳಿಗ್ಗೆ ನಾನು ಇನ್ಶಿರಾಹಳ ಅಂಗಡಿಯಲ್ಲಿದ್ದಾಗ ಶೌಕಿ ಆ ದೊಡ್ಡ ಚೌಕಟ್ಟನ್ನು ಅಡ್ಡಡ್ಡ ಹೊತ್ತು ಒಳಗೆ ನುಗ್ಗಿದ.

"ಎಲ್ಲಾ ನಿನ್ನಿಂದಲೇ! ಪ್ಲೇಟ್ ಅಳಿಸಬೇಕು ಅಂತ ಹೊಳೀಲಿಲ್ವಾ?"

"ಒಂದು ಕೂದಲೂ ಮುಟ್ಟಬೇಡ ಅಂದೋನು ನೀನು. ಬಾಗಿಲು ಬಿಟ್ಟು ನಿಲ್ಲು, ಬೆಳಕು ಬರ್ತಿಲ್ಲ."

"ಅಮ್ಮನ ಕೋಣೆಗೆ ಹೋದ ತಟ್ಟೆ ಹಾಗೇ ವಾಪಸ್ ಬರ್ತಿದೆ ಅಬ್ಲಾ." ಸ್ವರ ಇಳಿದಿತ್ತು. "ಹಳದಿ ಕಪ್ಪು ಮಾಡಿಕೊಡು. ಇವತ್ತೇ."

"ಕೂತ್ಕೋ."

ಆಕೆ ಹಳೆಯ ಫೋಟೋವನ್ನು ತಾಣಕ್ಕೆ ಏರಿಸಿದಳು. ಕೂದಲೆಣ್ಣೆಯ ಜಾಹೀರಾತು ಓಡತೊಡಗಿತು. ಶೌಕಿ ಅದನ್ನೇ ನೋಡುತ್ತಾ ಕೂತ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ ಕೇಳಿದ:

"ಮದುವೆಗೆ ಬಹ್ಗತ್ ಬೇ ಅವರ ತಮ್ಮ ಬರ್ತಾರಂತೆ. ರಾಯಭಾರಿ ಆಗಿದ್ದೋರು. ಹಳದಿ ಇರ್ಲಿ, ಕಪ್ಪೂ ಇರ್ಲಿ, ಅಮ್ಮಂಗೆ ಸಮಾಧಾನ ಆಗ್ಲಿ. ಆದ್ರೆ ನೋಡೋರ ಕಣ್ಣಿಗೆ ಅದು ಟ್ಯಾಕ್ಸಿ ಥರ ಕಾಣಬಾರದು. ಹಾಗೆ ಮಾಡೋಕಾಗುತ್ತಾ?"

ಇನ್ಶಿರಾಹ್ ಮೌಸಿನಿಂದ ಕೈ ತೆಗೆದಳು.

"ಆಗುತ್ತೆ," ಎಂದಳು. "ಮೊದಲು ನಿಮ್ಮಪ್ಪನ್ನ ಅಳಿಸಬೇಕು. ಅಳಿಸ್ಲಾ?"